ಉರಿಯದ ಪೆಟ್ರೋಲು

ಕಲ್ಲುಗುಂಡಿಯಿಂದ ಸುಳ್ಯಕ್ಕೆ ಟ್ರಿಪ್ ಹೊಡೆಯುವ ಹೈದರನ ಜೀಪಿಗೆ, ವಾಕರಿಕೆ ಬಂದರೆ ಮೂಸಲು ಒಂದು ಲಿಂಬೆಹುಳಿ ಇಲ್ಲದೆ ಹತ್ತುವವರೇ ಇರಲಿಲ್ಲ. ಮುಂದಿನ ಸೀಟು ಗಂಡಸರಿಗೆ, ಹಿಂದಿನದು ಹೆಂಗಸರಿಗೆ. ಅರಂತೋಡು ಬರುವ ಮೊದಲೇ ಹಿಂದೆ ಯಾರಾದರೊಬ್ಬರು ವಾಂತಿ ಮಾಡುತ್ತಿದ್ದರು. ತಿರುವು ಆಗುದಿಲ್ಲ ಇವರಿಗೆ ಎಂದು ಹೈದರ ಗೊಣಗುತ್ತಿದ್ದ. ಅದಕ್ಕೆ ಜೀಪನ್ನು ದೂರುವುದು, ಕುಣಿಯಲಾರದವನಿಗೆ ನೆಲ ಡೊಂಕು, ಇನ್ನೇನು!

ಎಂಬತ್ತನೇ ಇಸವಿಯಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಆ ರಸ್ತೆಯ ಡ್ರೈವರುಗಳೆಲ್ಲ ಕಾರ್ಬುರೇಟರಿನ ಸ್ಕ್ರೂ ಬಿಗಿದು ಎಂಜಿನ್ನಿಗೆ ಪೆಟ್ರೋಲು ಕಡಿಮೆ ಕುಡಿಸಲು ಕಲಿತಿದ್ದರು. ಹೈದರನೂ ಬಿಗಿದ. ಜೀಪು ಒಮ್ಮೆ ಎಳೆಯಿತು, ಒಮ್ಮೆ ಮುಗ್ಗರಿಸಿತು. ಹಿಂದೆ ಹಸಿ ಪೆಟ್ರೋಲಿನ ವಾಸನೆ ಎಂದು ಹೆಂಗಸರು ದೂರಿದರು. ದರಿದ್ರದ್ದು ಇನ್ನೂ ಹೆಚ್ಚು ಕುಡಿಯುತ್ತಿದೆ ಎಂದುಕೊಂಡು ಮತ್ತಷ್ಟು ಬಿಗಿದ. ವಾಸನೆ ಹೆಚ್ಚಿತು. ಮತ್ತೂ ಬಿಗಿದ. ಮುಗ್ಗರಿಸುವ ಜೀಪಿನ ಜತೆ ಹೆಣಗಿ ಹೆಣಗಿ ಅವನಿಗೆ ಬದುಕೇ ಸಾಕಾಗಿತ್ತು.

ಅವನ ಹೆಂಡತಿ ನೆಬೀಸ ತುಂಬಿದ ಬಸುರಿ. ಡಾಕ್ಟರಿಗೆ ತೋರಿಸಲು ಸುಳ್ಯಕ್ಕೆ ಹೊರಟವಳು ಎಲ್ಲರಂತೆ ಹಿಂದೆ ಕೂತಳು. ಅರಂತೋಡಿನಲ್ಲಿ, "ನಿಲ್ಲಿಸಿ" ಎಂದಳು. ಇಳಿದು ರಸ್ತೆ ಬದಿಯಲ್ಲಿ ಕಾರಿಕೊಂಡು, ಕಣ್ಣು ಒರೆಸಿಕೊಂಡಳು.

"ನಾನು ಬಸ್ಸಲ್ಲಿ ಬರ್ತೇನೆ. ಈ ವಾಸನೆ ನನಗೆ ಮಾತ್ರ ಆದ್ರೆ ಸಹಿಸ್ತಿದ್ದೆ, ಒಳಗಿನ ಮಗುವಿಗೆ ಆಗುದಿಲ್ಲ. ನೀವು ಒಂದು ದಿನ ಆದ್ರೂ ಹಿಂದೆ ಕೂತಿದ್ದೀರಾ?"

ಊರವರ ದೂರು ಅವನಿಗೆ ತಾಗಿರಲಿಲ್ಲ. ಇದು ತಾಗಿತು. ಹೆಂಡತಿ ಕೂತ ಬಸ್ಸಿನ ಹಿಂದೆಯೇ ಜೀಪು ಓಡಿಸಿಕೊಂಡು ಸುಳ್ಯಕ್ಕೆ ಬಂದು, ಮೆಕ್ಯಾನಿಕ್ ತೀರ್ಥರಾಮನ ಮುಂದೆ ನಿಲ್ಲಿಸಿದ.

"ನೀನು ಓಡಿಸು. ನಾನು ಹಿಂದೆ ಕೂರ್ತೇನೆ" ಎಂದ.

ಪೇಟೆ ದಾಟುವಷ್ಟರಲ್ಲಿ ಹೈದರನ ಕಣ್ಣು ಉರಿಯಿತು, ತಲೆ ಸಿಡಿಯಿತು. ಟಾರ್ಪಾಲಿನ ಸಂದಿಯಿಂದ ಸೈಲೆನ್ಸರಿನ ಹೊಗೆ ಸೀದಾ ಮುಖಕ್ಕೇ ಬರುತ್ತಿತ್ತು. ಇಳಿದವನೇ ಗೋಡೆ ಹಿಡಿದು ವಾಂತಿ ಮಾಡಿದ.

"ಎಂತ ಮಾರಾಯ, ಉಪವಾಸ ಹಾಕಿದ್ದೀಯಲ್ಲ ಎಂಜಿನ್ನನ್ನು" ಎಂದ ತೀರ್ಥರಾಮ. "ಪೆಟ್ರೋಲ್ ಸಾಕಾಗದಿದ್ರೆ ಒಮ್ಮೆ ಉರಿಯುದು, ಒಮ್ಮೆ ಉರಿಯುದೇ ಇಲ್ಲ. ಉರಿಯದ್ದು ಹಾಗೆಯೇ ಹೊಗೆಯಲ್ಲಿ ಹೊರಗೆ ಬರುದು. ನೀನು ಉಳಿಸಿದ್ದನ್ನೇ ಹಿಂದೆ ಕೂತ ಹೆಂಗಸರು ಕುಡಿದದ್ದು."

ಹೈದರನಿಗೆ ನಾಚಿಕೆಯಾಯಿತು. ತೀರ್ಥರಾಮ ಸ್ಕ್ರೂ ಸಡಿಲಿಸಿದ. ಎಂಜಿನ್ನು ಒಂದೇ ಸಮನೆ ಓಡತೊಡಗಿತು.

ಆಸ್ಪತ್ರೆಯಿಂದ ಹೊರಬಂದ ನೆಬೀಸಳಿಗೆ ಅವನು ಮುಂದಿನ ಸೀಟು ಒರೆಸಿಟ್ಟಿದ್ದ. ಅವಳು ಅದನ್ನು ನೋಡಿ, ಹಿಂದೆ ಹೋಗಿ ಹೆಂಗಸರ ಮಾಮೂಲಿ ಜಾಗದಲ್ಲೇ ಕೂತಳು. ಅರಂತೋಡು ದಾಟಿದ ಮೇಲೆ ಅವನು ಕೇಳಿದ, "ಈಗ ವಾಸನೆ ಉಂಟಾ?"

"ಇಲ್ಲ" ಎಂದಳು.

ಕನ್ನಡಿಯಲ್ಲಿ ನೋಡಿದ. ಟಾರ್ಪಾಲಿನ ಸಂದಿ ಹಾಗೆಯೇ ಇತ್ತು; ಲಿಂಬೆಹುಳಿಯನ್ನು ಅವಳು ಮೂಗಿನಿಂದ ತೆಗೆದಿರಲಿಲ್ಲ.