ನನ್ನದಲ್ಲದ ನನ್ನ ಕಾರ್ಡು

ಹಗ್ಗಕ್ಕೆ ಸಿಕ್ಕಿಸಿದ್ದ ಆ ಕಾರ್ಡು ನನ್ನದೇ, ಆದರೆ ನಾನು ಮಾಡಿದ್ದಲ್ಲ. ಈ ಮಾತನ್ನು ಯಾರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅದರ ಮುಂದೆ ಕತ್ತೆತ್ತಿಕೊಂಡು ನಿಂತಿದ್ದೆ. ಮೂರು ಎಲೆ, ಒಂದು ಗುಬ್ಬಿ, ಮೂಲೆಯಲ್ಲಿ ಹಳದಿ ಕಾಗದದ ಪಟ್ಟಿ. ಎಲೆ, ಗುಬ್ಬಿ ಎರಡೂ ನಾನೇ ರಬ್ಬರಿನಲ್ಲಿ ಕೊರೆದ ಅಚ್ಚಿನವು. ಗುಬ್ಬಿಯ ಬಾಲದಲ್ಲಿ ನನ್ನ ಚಾಕು ಜಾರಿದ ಗೀರು ಕೂಡ ಹಾಗೇ ಇತ್ತು. ಆದರೂ ಅದು ನನ್ನ ಕೈಯಿಂದ ಬಂದದ್ದಲ್ಲ.

ನಾನು ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಕೂತು ನಿವೃತ್ತಿಯವರೆಗೂ ಠಸ್ಸೆ ಹೊಡೆದವಳು. ಅಚ್ಚು ಹಿಡಿದರೆ ಅಂಗೈಯ ಬುಡದಿಂದ ಒತ್ತಿಯೇ ಅಭ್ಯಾಸ. ಹಾಗಾಗಿ ನನ್ನ ಚಿತ್ರಗಳಲ್ಲಿ ಬಲಗಡೆ ಮಸಿ ದಪ್ಪ, ಎಡಗಡೆ ಬಡಕಲು. ಎಷ್ಟು ತಿದ್ದಿಕೊಂಡರೂ ಹೋಗಿಲ್ಲ. ಕೂಟದಲ್ಲಿ ನನಗೆ ಠಸ್ಸೆ ಅಕ್ಕ ಎಂದು ಹೆಸರು ಬಿದ್ದದ್ದೂ ಅದರಿಂದಲೇ. ಈ ಕಾರ್ಡಿನ ಗುಬ್ಬಿಯೋ, ಎರಡೂ ಕಡೆ ಒಂದೇ ಸಮ. ಹೆದರಿ ಹೆದರಿ ಒತ್ತಿದವರ ಕೆಲಸ.

ನಮ್ಮ ಕೂಟ ಸೇರುವುದು ಒಬ್ಬ ಬೈಂಡರನ ಅಂಗಡಿಯ ಮೇಲಿನ ಕೋಣೆಯಲ್ಲಿ. ಪುಸ್ತಕಕ್ಕೆ ರಟ್ಟು ಕಟ್ಟುವ ಮನುಷ್ಯ. ಉಳಿದ ಕಾಗದದ ಚೂರನ್ನು ಎಸೆಯಲು ಮನಸ್ಸಾಗದೆ ಈ ಕೂಟ ಶುರುಮಾಡಿದ. ಶನಿವಾರ ಎಲ್ಲರೂ ಕೂತು ಕತ್ತರಿಸಿ, ಮಡಿಸಿ, ಅಚ್ಚೊತ್ತಿ ಕಾರ್ಡು ಮಾಡುತ್ತೇವೆ. ಅವು ಒಂದು ವಾರ ಹಗ್ಗದ ಮೇಲೆ ಒಣಗುತ್ತವೆ. ಮುಂದಿನ ಶನಿವಾರ ಆಸ್ಪತ್ರೆಯ ವಿಚಾರಣೆ ಕಿಟಕಿಗೆ ಹೋಗುತ್ತವೆ. ರೋಗಿಗಳನ್ನು ನೋಡಲು ಬಂದವರು ಬೇಕಾದ್ದನ್ನು ತೆಗೆದುಕೊಂಡು, ಒಳಗೆ ತಮಗೆ ತೋಚಿದ್ದು ಬರೆದು ಕೊಡುತ್ತಾರೆ. ಅಚ್ಚುಗಳೆಲ್ಲ ಒಂದೇ ಬೀರುವಿನಲ್ಲಿ. ಬೀರುವಿನೊಳಗೆ ಹೋದ ಅಚ್ಚಿಗೆ ಒಡೆಯರಿಲ್ಲ ಎಂಬುದು ಬೈಂಡರನ ಕಾನೂನು. ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡಿದರೂ ತಪ್ಪಿಲ್ಲ, ಕೇಳಬೇಕಾಗಿಯೂ ಇಲ್ಲ.

ನನಗೆ ಅರ್ಥವಾಗದೆ ಹೋದದ್ದು ಇದೇ. ನನ್ನ ಹಾಗೆ ಮಾಡಬೇಕೆಂದಿದ್ದರೆ ಮಾಡಿ ಪಕ್ಕದಲ್ಲಿ ತೂಗುಹಾಕಿ, ಬೇಡವೆಂದವರು ಯಾರು? ನನ್ನದನ್ನು ತೆಗೆದು ಅದೇ ಜಾಗದಲ್ಲಿ ಅದರ ನಕಲನ್ನು ಇಡುವ ಕಳ್ಳರನ್ನು ನಾನು ಕೇಳಿಯೇ ಇಲ್ಲ. ಕದಿಯುವವನಿಗೆ ಕದ್ದಷ್ಟೇ ಕೆಲಸ ಮಾಡಿಟ್ಟು ಹೋಗುವ ಹಣೆಬರಹ ಏಕೆ?

ಬೈಂಡರನನ್ನು ಕರೆದು ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ ನೋಡಿದ, ಇಳಿಸಿ ನೋಡಿದ.

"ನಿಮ್ದೇ ಅಲ್ವಾ ಅಕ್ಕಾ ಇದು? ಬಾಲದಲ್ಲಿ ಗೀರು ಇದೆ ನೋಡಿ."

"ಗೀರು ಅಚ್ಚಲ್ಲಿದೆ. ಅಚ್ಚು ಬೀರುವಲ್ಲಿದೆ. ಒತ್ತಿದ್ದು ನಾನಲ್ಲ."

"ಹೋದ್ ವಾರ ನೀವು ಒತ್ತಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಅದನ್ನಲ್ಲ ಇದನ್ನ!"

ಅವನು ನನ್ನನ್ನು ನೋಡಿದ ರೀತಿಗೆ ನನಗೇ ನನ್ನ ಮೇಲೆ ಅನುಮಾನ ಬಂತು. ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದರೆ, "ಅರವತ್ತಕ್ಕೆ ಅರಳು ಮರಳು ಅಂತಾರೆ, ನೀನು ಒಂದು ವರ್ಷ ಮೊದಲೇ ಶುರು ಹಚ್ಕೊಂಡೆ" ಎಂದು ಪೇಪರು ತಿರುವಿದರು. ಇಂಥವರ ಜೊತೆ ಇಷ್ಟು ವರ್ಷ ಬಾಳಿದ್ದೇ ನನ್ನ ಬುದ್ಧಿ ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ.

ಕೂಟದಲ್ಲಿ ನನ್ನ ಬೀಗಿತ್ತಿಯೂ ಇದ್ದಾಳೆ, ಅಂದರೆ ನನ್ನ ಮಗಳ ಅತ್ತೆ. ನಾನು ಸೇರಿದ ಮೇಲೆ ಸೇರಿದಳು. ಏಕೆ ಸೇರಿದಳೋ ದೇವರಿಗೇ ಗೊತ್ತು. ಕತ್ತರಿ ಹಿಡಿದರೆ ನೇರ ಗೆರೆ ಹಾವಾಗುತ್ತಿತ್ತು. ಮನೆ ಹತ್ತಿರವೆಂದು ಕೋಣೆಯ ಬೀಗದ ಕೈ ಅವಳ ಬಳಿಯೇ ಇರುತ್ತದೆ. ನಾವಿಬ್ಬರೂ ಒಂದೇ ಮೇಜಿನ ಎದುರುಬದುರು ಕೂರುತ್ತೇವೆ. ಅಂಟು ಒಣಗಿತೇ, ಮಸಿ ಮುಗಿಯಿತೇ ಎಂದು ಮಾತಾಡುತ್ತೇವೆ. ನನ್ನ ಮಗಳ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಮಗಳು ನನ್ನ ಜೊತೆ ಮಾತು ಬಿಟ್ಟು ಒಂದು ವರ್ಷದ ಮೇಲಾಯಿತು. ಅವರಿವರ ಕೈಕಾಲು ಹಿಡಿದು ನನ್ನ ಆಫೀಸಿನಲ್ಲೇ ಅವಳಿಗೆ ಕಾಯಂ ಕೆಲಸ ಕೊಡಿಸಿದ್ದೆ. ಮೂರು ತಿಂಗಳಲ್ಲಿ ಬಿಟ್ಟಳು. ಬಿಟ್ಟು ಏನು ಮಾಡಿದಳು? ಅತ್ತೆಮನೆಯ ಹಿಂದಿನ ಕೋಣೆಯಲ್ಲಿ ಊರವರ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸಲು ಕೂತಳು. "ನನ್ನ ಮುಖಕ್ಕೆ ಮಸಿ ಬಳಿದೆ" ಎಂದೆ. "ಮಸಿ ನಿನಗೆ ಹೊಸದೇನಮ್ಮ" ಎಂದಳು. ಆಮೇಲೆ ನಾನು ಅಂದದ್ದು, ಅವಳು ಅಂದದ್ದು ಬೇಡ. ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಅವಳು ಬರಲಿ ಎಂದು ನಾನು ಕೂತೆ. ಅವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು, ಅವಳೂ ಕೂತಳು. ಒಬ್ಬಳೇ ಮಗಳು. ಫೋನು ಹೊಡೆದುಕೊಂಡಾಗಲೆಲ್ಲ ಅವಳದೇ ಇರಬಹುದೆಂದು ಓಡುತ್ತಿದ್ದೆ. ಇದನ್ನು ಯಜಮಾನರಿಗೂ ಹೇಳಿಲ್ಲ.

ಮುಂದಿನ ಶನಿವಾರವೂ ಅದೇ ಕಥೆ. ನಾನು ದೋಣಿ ಒತ್ತಿದ್ದೆ. ಹಗ್ಗದ ಮೇಲೆ ದೋಣಿ ಇತ್ತು, ನನ್ನದಲ್ಲ. ಅದರ ಮುಂದಿನ ವಾರ ಪರೀಕ್ಷೆಗೆಂದೇ ಕಾರ್ಡಿನ ಒಳಗಡೆ, ಮಡಿಕೆಯ ಬುಡದಲ್ಲಿ ಸೀಸದಕಡ್ಡಿಯಿಂದ ಒಂದು ಚುಕ್ಕೆ ಇಟ್ಟೆ. ವಾರ ಕಳೆದು ಬಿಚ್ಚಿ ನೋಡಿದರೆ ಚುಕ್ಕೆ ಇಲ್ಲ. ಸದ್ಯ, ಬುದ್ಧಿ ಕೆಟ್ಟಿಲ್ಲ ಎಂದು ಸಮಾಧಾನವಾಯಿತು. ಮರುಗಳಿಗೆಯೇ, ಹಾಗಾದರೆ ಇದೇನು ಎಂದು ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ತಡೆಯಲಾರದೆ ಎಲ್ಲರ ಎದುರಿಗೇ ಹೇಳಿಬಿಟ್ಟೆ. "ಯಾರೋ ನನ್ನ ಕಾರ್ಡು ತಗೊಂಡು ನಕಲು ಇಡ್ತಿದ್ದಾರೆ. ಬೇಕಿದ್ರೆ ಬಾಯಿಬಿಟ್ಟು ಕೇಳಿ, ಕೊಡ್ತೀನಿ. ಈ ಕಣ್ಣುಮುಚ್ಚಾಲೆ ಬೇಡ."

ಎಲ್ಲರೂ ನಕ್ಕರು. ಠಸ್ಸೆ ಅಕ್ಕನ ಕಾರ್ಡಿಗೆ ಇಷ್ಟು ಬೆಲೆ ಬಂತೇ ಎಂದು ಬೈಂಡರನೂ ಒಂದು ಚಟಾಕಿ ಹಾರಿಸಿದ. ನಗದೆ ಇದ್ದವಳು ಬೀಗಿತ್ತಿ ಒಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತನ್ನ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದು ಹೋದಳು.

ಅವಳೇ ಎಂದು ಗೊತ್ತಾಯಿತು, ಆದರೆ ಏಕೆಂದು ಗೊತ್ತಾಗಲಿಲ್ಲ. ಅಣಕಿಸಲಿಕ್ಕೆ? ಮಗಳನ್ನು ತನ್ನ ಕಡೆ ಮಾಡಿಕೊಂಡದ್ದು ಸಾಲದೆಂದು ಕಾರ್ಡನ್ನೂ ತೆಗೆದುಕೊಳ್ಳುತ್ತಿದ್ದಾಳೆಯೇ? ಎಲ್ಲಾದರೂ ಮಾರುತ್ತಿದ್ದಾಳೆಯೇ? ಬಲಗಡೆ ಮಸಿ ಮೆತ್ತಿದ ಗುಬ್ಬಿಯನ್ನು ಯಾರು ಕೊಳ್ಳುತ್ತಾರೆ? ಎರಡು ದಿನ ನಾನು ಮಾಡಿದ ಸಾರಿಗೆ ಉಪ್ಪಿರಲಿಲ್ಲ, ಮೂರನೆಯ ದಿನ ಎರಡು ಸಲ ಹಾಕಿದೆ.

ಬುಧವಾರ ಮಧ್ಯಾಹ್ನ ಕೂಟದ ಕೋಣೆಗೆ ಹೋದೆ. ಕನ್ನಡಕ ಮರೆತಿದ್ದೇನೆ ಎಂದು ಬೈಂಡರನಿಗೆ ಹೇಳಿದೆ. ಕನ್ನಡಕ ಮೂಗಿನ ಮೇಲೇ ಇತ್ತು, ಅವನು ಗಮನಿಸಲಿಲ್ಲ. ಮೇಲೆ ಬಾಗಿಲು ಅರೆ ತೆರೆದಿತ್ತು. ಬೀಗಿತ್ತಿ ಕಿಟಕಿಯ ಬಳಿಯ ಮೇಜಿಗೆ ಬಾಗಿ ಕೂತಿದ್ದಳು. ಎಡಕ್ಕೆ ನನ್ನ ಕಾರ್ಡು, ಬಲಕ್ಕೆ ಅವಳು ಮಾಡುತ್ತಿರುವುದು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಉಸಿರು ಹಿಡಿದು, ಅಂಗೈಯ ಬುಡದಿಂದ ಅಚ್ಚನ್ನು ಒತ್ತಲು ನೋಡುತ್ತಿದ್ದಳು, ನನ್ನ ಹಾಗೆಯೇ. ಕೆಟ್ಟುಹೋದ ಕಾಗದಗಳು ಕಾಲ ಬಳಿ ರಾಶಿ ಬಿದ್ದಿದ್ದವು. ಜಗಳಕ್ಕೆ ಸೆರಗು ಕಟ್ಟಿಕೊಂಡು ಬಂದವಳಿಗೆ ಅದನ್ನು ನೋಡಿ ಏನು ಮಾಡಬೇಕೋ ತೋಚಲಿಲ್ಲ.

"ಬೀಗ್ರೇ," ಎಂದೆ.

ಅಚ್ಚು ಕೈಯಿಂದ ಜಾರಿತು. ಅವಳು ನನ್ನನ್ನು, ಕಾರ್ಡನ್ನು, ಬಾಗಿಲನ್ನು ನೋಡಿದಳು. ಓಡುವ ದಾರಿಗೆ ನಾನೇ ಅಡ್ಡ ನಿಂತಿದ್ದೆ.

"ಕೂತ್ಕೊಳ್ಳಿ. ಬೈಯೋದಾದ್ರೆ ಕೂತ್ಕೊಂಡೇ ಬೈಯಿರಿ," ಎಂದು ಕುರ್ಚಿ ಎಳೆದಳು.

"ಯಾಕೆ ಹೀಗ್ ಮಾಡ್ತಿದ್ದೀರಿ? ಅಷ್ಟು ಹೇಳಿ ಸಾಕು."

ಅವಳು ಬೆರಳ ಮಸಿಯನ್ನು ಬಟ್ಟೆಗೆ ಒರೆಸಿಕೊಂಡಳು. "ಒಂದು ಸಲ ಚೀಟಿ ಎತ್ತಿ ಎಲ್ರೂ ಒಬ್ಬೊಬ್ರ ಕಾರ್ಡು ಮನೆಗೆ ತಗೊಂಡು ಹೋದ್ವಲ್ಲ, ನಂಗೆ ನಿಮ್ದು ಬಂತು. ನನ್ನ ಚೀಲದಲ್ಲಿ ನಿಮ್ಮ ಮಗಳು ನೋಡಿದ್ಲು. 'ಇದು ಅಮ್ಮ ಮಾಡಿದ್ದು' ಅಂದ್ಲು. ಹೆಸರಿಲ್ಲ, ಏನಿಲ್ಲ, ಹೇಗೆ ಗೊತ್ತಾಯ್ತೋ. ಆಮೇಲೆ ಕೇಳಿದ್ಲು, 'ನಂಗೆ ಕಳಿಸಿದ್ಲಾ?' ಅಂತ."

"ನೀವು ಏನಂದ್ರಿ?"

"ಹೂಂ ಅಂದ್ಬಿಟ್ಟೆ."

ಅವಳು ಎಳೆದಿಟ್ಟ ಕುರ್ಚಿಯಲ್ಲಿ ಕೂತೆ.

"ಆ ಮುಖ ನೋಡಿ ಇಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ ಬೀಗ್ರೇ. ಮುಂದಿನ ಶನಿವಾರ ಬಾಗಿಲಲ್ಲೇ ನಿಂತಿದ್ಲು, 'ಈ ವಾರ ಏನು ಕಳಿಸಿದ್ಲು?' ಅಂತ. ಏನ್ ಮಾಡ್ಲಿ? ಹಗ್ಗದ ಮೇಲೆ ಕಡಿಮೆ ಆದ್ರೆ ಬೈಂಡರ್ ಎಣಿಸ್ತಾನೆ. ಒಂದು ಸಲ ನಾನು ಮಾಡಿದ್ ನಕಲನ್ನೇ ಕೊಟ್ಟು ನೋಡ್ದೆ. ಹಾಗೇ ವಾಪಸ್ ಕೊಟ್ಲು. 'ಇದು ಅಮ್ಮನ ಕೈಯಲ್ಲ ಅತ್ತೆ, ನಂಗ್ ಬೇಡ' ಅಂದ್ಲು. ಅದಕ್ಕೇ ನಿಮ್ದು ಅವಳಿಗೆ, ನಂದು ಹಗ್ಗಕ್ಕೆ."

"ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಾ?" ಎಂದಳು. "ಬೇಕಾದ್ರೆ ಅವಳೇ ಬಂದು ಕೇಳಲಿ ಅಂತಿದ್ರಿ."

ಹೌದು, ಹಾಗೇ ಅನ್ನುತ್ತಿದ್ದೆ. ಅದನ್ನು ಅವಳ ಬಾಯಿಂದ ಕೇಳಿ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಸಂತೋಷ ಬಂತು. ಮಗಳು ಬಾಗಿಲಲ್ಲಿ ನಿಂತು ಕಾದಿದ್ದಾಳೆ, ನಾನು ಕಳಿಸದೇ ಇದ್ದ ಕಾರ್ಡಿಗಾಗಿ. ಅವಳಿಗೆಂದು ನಾನು ಒಂದು ಎಲೆಯನ್ನೂ ಒತ್ತಿರಲಿಲ್ಲ. ಯಾರೋ ಗುರುತಿಲ್ಲದ ರೋಗಿಗಳಿಗೆ ಗುಬ್ಬಿ ಮಾಡಿ ಕಳಿಸಿದವಳು, ಮಗಳಿಗೆ ಮಾಡಬಹುದೆಂದು ಹೊಳೆದೇ ಇರಲಿಲ್ಲ. ಈ ಹೆಂಗಸು ನನ್ನ ಹೆಸರಿನಲ್ಲಿ ಒಳ್ಳೆಯ ತಾಯಿಯಾಗಿದ್ದಾಳೆ. ಇವಳನ್ನು ಬೈಯಲೇ, ಕೈ ಮುಗಿಯಲೇ? ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು.

"ಈ ವಾರದ್ದನ್ನ ನೀವೇ ತಗೊಂಡು ಬನ್ನಿ," ಎಂದಳು ಅವಳು. "ನಂಗೂ ಕದ್ದು ಕದ್ದು ಸಾಕಾಯ್ತು. ಕಣ್ಣು ಬೇರೆ ನೋಯ್ತದೆ."

ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಆಗಲೇ ಅವಳ ಜೊತೆ ಅವಳ ಮನೆಗೆ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಿಜ ಹೇಳಲೇ? ಹೇಳಿದರೆ, ಅಮ್ಮ ನನಗೆ ಏನೂ ಕಳಿಸಿಯೇ ಇರಲಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಇದ್ದ ಒಂದು ಎಳೆಯೂ ಹೋಗುತ್ತದೆ. ಹೇಳದಿದ್ದರೆ, ಮಾಡದ ಕೆಲಸಕ್ಕೆ ಹಲ್ಲು ಕಿರಿದುಕೊಂಡು ಕೂರಬೇಕು. ಬೀಗಿತ್ತಿ ಪಕ್ಕದಲ್ಲಿ ನಡೆಯುತ್ತ, "ಸುಮ್ನೆ ಹೂಂ ಅನ್ನಿ, ಮೊದಲ ಸಲ ಕಷ್ಟ, ಆಮೇಲೆ ರೂಢಿಯಾಗ್ತದೆ" ಎಂದು ಕಲಿಸಿಕೊಡುತ್ತಿದ್ದಳು.

ಮಗಳು ಹಿಂದಿನ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಒದ್ದೆಯಾದ ದೊಡ್ಡ ನಾಯಿಯೊಂದು ಅವಳ ಕೈಗೆ ಗಲ್ಲ ಕೊಟ್ಟು ನಿಂತಿತ್ತು. ನನ್ನನ್ನು ಕಂಡು ಅವಳ ಕತ್ತರಿ ನಿಂತಿತು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಕಿಟಕಿಯ ಅಂಚಿನಲ್ಲಿ ನನ್ನ ಗುಬ್ಬಿ, ನನ್ನ ದೋಣಿ, ನನ್ನ ಎಲೆಗಳು ಸಾಲಾಗಿ ನಿಂತಿದ್ದವು. ಬೀಗಿತ್ತಿ ಬಾಗಿಲ ಹೊರಗೇ ಉಳಿದಳು.

ಕಲಿತು ಬಂದ ಹೂಂ ನನ್ನ ಬಾಯಿಗೆ ಬರಲಿಲ್ಲ.

"ಅವನ್ನ ನಾನು ಕಳಿಸಿದ್ದಲ್ಲ ಕಣೆ," ಎಂದೆ. "ಆಸ್ಪತ್ರೆಗೆ ಅಂತ ಮಾಡಿದ್ದು. ನಿಮ್ಮತ್ತೆ ಕದ್ದು ತಂದಿದ್ದು."

ಹೊರಗೆ ಬೀಗಿತ್ತಿ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಗೊತ್ತು," ಎಂದಳು ಮಗಳು.

"ಗೊತ್ತಾ? ಯಾವಾಗಿಂದ?"

"ಮೊದಲಿಂದಾನೂ. ನೀನು ಕಳಿಸೋಳಲ್ಲ ಅಂತ ನಂಗೆ ಗೊತ್ತಿಲ್ವಾ ಅಮ್ಮ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾಯಿಯ ಕಿವಿಯ ಹಿಂದಿನ ಗಂಟನ್ನು ಬೆರಳಿಂದ ಬಿಡಿಸುತ್ತಲೇ ಹೇಳಿದಳು. "ಅತ್ತೆ ಪಾಪ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರು, ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ."

"ಮತ್ತೆ ಇಟ್ಕೊಂಡಿದ್ದು ಯಾಕೆ?"

"ಕಳಿಸದೇ ಇದ್ರೂ ನೀನು ಮಾಡಿದ್ದು ತಾನೇ."

ನನ್ನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಅಡಗಿಸಲು ನಾಯಿಯನ್ನು ನೋಡಿದೆ. ಅದಕ್ಕೆ ನನ್ನ ಬಗ್ಗೆ ಯಾವ ಅಭಿಪ್ರಾಯವೂ ಇದ್ದಂತೆ ಕಾಣಲಿಲ್ಲ. ಹೇಳಬೇಕೆಂದು ಒಂದು ವರ್ಷ ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಇಷ್ಟೇ.

"ಆ ಕೆಲಸ ಯಾಕೆ ಬಿಟ್ಟೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

"ಆಗ್ದಿದ್ರೆ ಬೇಡಮ್ಮ," ಎಂದಳು ಅವಳು. "ಬಾ, ಇದರ ತಲೆ ಸ್ವಲ್ಪ ಹಿಡ್ಕೋ. ಅಲ್ಲಾಡ್ತದೆ."

ನಾನು ಚೀಲವನ್ನು ಕೆಳಗಿಟ್ಟು ಹೋಗಿ ಹಿಡಿದುಕೊಂಡೆ.