ಯಾವ ಮೈಕಣ್ಣನನ್ನು ನಂಬೋದು?

ನಲ್ಲಿಯಲ್ಲಿ ನೀರು ಬರದಿದ್ದರೆ ಜಗಳ, ಬಂದರೆ ಸರದಿಗಾಗಿ ಜಗಳ. ಇದು ನಿಮ್ಮ ಬೀದಿಯಲ್ಲೂ ಇರುವುದೇ, ಹೊಸದೇನಲ್ಲ. ಆದರೆ ನಮ್ಮ ಬೀದಿಯಲ್ಲಿ ಒಮ್ಮೆ ನೀರು ಧಾರಾಳವಾಗಿ ಬಂದು, ಅದನ್ನು ಕುಡಿಯಬೇಕೋ ಬೇಡವೋ ಎಂದು ಜಗಳವಾಯಿತು. ಆ ಜಗಳಕ್ಕೆ ನನ್ನ ಗಂಡನೇ ಕಾರಣ, ನನ್ನ ಅತ್ತೆಯೇ ಮೂಲ. ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಎಲ್ಲವನ್ನೂ ನೋಡಿದವಳು. ಉಪ್ಪು ಖಾರ ಹಚ್ಚದೆ ಹೇಳುತ್ತೇನೆ. ಹಚ್ಚುವ ಅಗತ್ಯವೂ ಇಲ್ಲ.

ನಮ್ಮವರನ್ನು ಊರೆಲ್ಲ ಮೈಕಣ್ಣ ಎನ್ನುತ್ತದೆ. ಗಾಡಿಯ ನೆತ್ತಿಗೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಕೂಗಿ ಹೇಳುವುದು ಅವರ ಕೆಲಸ. ಯಾರು ಏನು ಬರೆದುಕೊಟ್ಟರೂ ಓದುತ್ತಾರೆ. ಚಪ್ಪಲಿ ಅಂಗಡಿಯವರಿಗೆ 'ಭಾರಿ ರಿಯಾಯಿತಿ, ಇಂದೇ ಕೊನೆಯ ದಿನ' ಎಂದು ಕೂಗಲು ಶುರುಮಾಡಿ ಎರಡು ಮಳೆಗಾಲ ಕಳೆದಿವೆ. ಅಂಗಡಿಯೂ ಇದೆ, ಚಪ್ಪಲಿಯೂ ಇದೆ, ಕೊನೆಯ ದಿನವೂ ಇನ್ನೂ ಇದೆ.

ಆ ಜಗಳಕ್ಕೆ ಒಂದು ತಿಂಗಳ ಮುಂಚೆ ನಲ್ಲಿ ನೀರು ಹಳದಿಯಾಗಿ ಬಂದಾಗ ಪುರಸಭೆ ಅಧ್ಯಕ್ಷರು ನಮ್ಮವರಿಗೆ ಒಂದು ಚೀಟಿ ಕಳಿಸಿದರು. ನಮ್ಮವರು ನಡುಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಫೋನಿನಲ್ಲಿ ರೆಕಾರ್ಡ್ ಮಾಡಿದರು. "ನಾಗರಿಕ ಬಂಧುಗಳೇ, ನಮ್ಮ ಊರಿನ ನೀರು ನೂರಕ್ಕೆ ನೂರು ಶುದ್ಧ. ನಿಶ್ಚಿಂತೆಯಿಂದ ಕುಡಿಯಿರಿ, ಮಕ್ಕಳಿಗೂ ಕುಡಿಸಿರಿ." ಆ ದನಿ ಕೇಳಿ ಅತ್ತೆಯ ಕಣ್ಣು ತುಂಬಿ ಬಂತು. ಅದನ್ನು ತಮ್ಮ ಫೋನಿಗೂ ಹಾಕಿಸಿಕೊಂಡರು. ನೀರನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ ಎಂದು ನಮ್ಮವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಳದಿ ಹೋಯಿತು, ಎಲ್ಲರೂ ಮರೆತರು.

ಆಮೇಲೆ ನಾದಿನಿ ತನ್ನ ಏಳು ತಿಂಗಳ ಮಗುವಿನೊಂದಿಗೆ ತವರಿಗೆ ಬಂದಳು. ಮಗು ಬಂದದ್ದೇ ತಡ, ಅತ್ತೆ ಅದನ್ನು ಯಾರ ಕೈಗೂ ಕೊಡಲಿಲ್ಲ. ಎದೆಹಾಲು ಸಾಲದು ಎಂದು ಪುಡಿಯ ಹಾಲು ಕಲಸುವುದೂ ಅವರೇ, ಕುಡಿಸುವುದೂ ಅವರೇ. ನೀರು ನಲ್ಲಿಯಿಂದ ನೇರ.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ಬೆಂಚುಗಳೆಲ್ಲ ತುಂಬಿಹೋದವು. ವಾಂತಿ, ಭೇದಿ. ನಮ್ಮ ಹಿಂದಿನ ಬೀದಿಯಿಂದಲೇ ಹೆಚ್ಚು ಜನ. ಕುಡಿಯುವ ನೀರಿನ ಪೈಪು ಒಡೆದು ಮೋರಿ ನೀರು ಸೇರಿದೆ ಎಂದು ಗೊತ್ತಾಯಿತು. ನರ್ಸಮ್ಮ ಸ್ವತಃ ನಮ್ಮವರ ಗಾಡಿಯ ಹತ್ತಿರ ಓಡಿಬಂದು, ಚೆನ್ನಾಗಿ ಕುದಿಸದ ನೀರು ಕುಡಿಯಬೇಡಿ ಎಂದು ಊರಿಗೆಲ್ಲ ಸಾರಲು ಹೇಳಿದರು. ನಮ್ಮವರು ಹೊರಟರು. ಮಧ್ಯಾಹ್ನ ಬಂದಾಗ ಮುಖ ಹಿಂಡಿದ ಬಟ್ಟೆಯ ಹಾಗಿತ್ತು.

"ಏನಾಯ್ತು ರೀ?" ಎಂದೆ.

"ಏನಾಗೋದು. ನೀರು ಕುದಿಸಿ ಅಂದ್ರೆ, ಇದಕ್ಕೂ ಇಂದೇ ಕೊನೇ ದಿನಾನಾ ಅಂತ ನಗ್ತಾರೆ. ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಕೇಳ್ದ, ಮೈಕಣ್ಣ, ಸೌದೆ ಡಿಪೋದವರು ಎಷ್ಟು ಕೊಟ್ರು ಅಂತ."

"ಮತ್ತೆ ನೀವೇನಂದ್ರಿ?"

"ಏನನ್ನೋದು? ಎಲ್ಲರ ಫೋನಿಗೂ ನನ್ನ ದನೀನೇ ಬಂದಿದೆ ಕಣೇ. ನೀರು ನೂರಕ್ಕೆ ನೂರು ಶುದ್ಧ ಅಂತ. ಅದರ ಮೇಲೆ ಯಾರೋ 'ಇಂದಿನ ಸುದ್ದಿ' ಅಂತ ಬರೆದಿದ್ದಾರೆ. ನಾನು ಗಾಡೀಲಿ ಬೇಡ ಅಂತ ಕೂಗಿದ್ರೆ, ಜನ ಫೋನು ಎತ್ತಿ ಹಿಡಿದು ಕುಡೀರಿ ಅಂತ ನನ್ನ ಕೈಲೇ ಹೇಳಿಸ್ತಾರೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಈ ಫೋನುಗಳ ಕಾಲದಲ್ಲಿ ಆಡಿದ ಮಾತು ಹೋಗುವುದಷ್ಟೇ ಅಲ್ಲ, ಊರೆಲ್ಲ ಸುತ್ತಿ ವಾಪಸ್ಸೂ ಬರುತ್ತದೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಚಮಚದ ಸದ್ದಾಯಿತು. ಅತ್ತೆ ಬಟ್ಟಲಿನಲ್ಲಿ ಹಾಲಿನ ಪುಡಿ ಹಾಕಿ ನಲ್ಲಿ ನೀರು ಸುರಿಯುತ್ತಿದ್ದರು. ಮಗು ಅವರ ಸೊಂಟದ ಮೇಲೆ ಕೂತು ಬಾಯಿ ಚಪ್ಪರಿಸುತ್ತಿತ್ತು.

"ಅಮ್ಮಾ, ಆ ನೀರು ಬೇಡ," ಎಂದು ನಮ್ಮವರು ಓಡಿದರು.

"ಸುಮ್ನಿರೋ. ಕಾಯಿಸಿದ ನೀರು ಸತ್ತ ನೀರು. ಅದರಲ್ಲೇನಿರತ್ತೆ ಮಣ್ಣು? ನನ್ನ ಮಗನೇ ಹೇಳಿದ್ದಾನೆ, ಮಕ್ಕಳಿಗೂ ಕುಡಿಸಿ ಅಂತ."

"ನಿನ್ನ ಮಗ ನಾನೇ ಅಲ್ವೇನಮ್ಮಾ? ನಾನೇ ಬೇಡ ಅಂತಿದ್ದೀನಿ."

"ನೀನು ಮನೇಲಿ ಹೇಳೋದನ್ನ ಯಾರಪ್ಪಾ ನಂಬ್ತಾರೆ? ಬೆಳಿಗ್ಗೆ ತರಕಾರಿ ತರ್ತೀನಿ ಅಂದೆ, ತಂದ್ಯಾ? ಫೋನಲ್ಲಿ ಎಷ್ಟು ಗಂಭೀರವಾಗಿ ಹೇಳಿದ್ದಾನೆ ಕೇಳು." ಎಂದು ಫೋನು ಒತ್ತಿದರು. "ನಾಗರಿಕ ಬಂಧುಗಳೇ" ಎಂದು ನಮ್ಮವರ ದನಿ ನಮ್ಮವರಿಗೇ ಬುದ್ಧಿ ಹೇಳಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು ನಮ್ಮವರ ಸ್ಥಿತಿ. ನಾದಿನಿಯತ್ತ ನೋಡಿದರೆ ಅವಳು ಅಳುವ ಹಾಗಿದ್ದಳು. "ಅತ್ತಿಗೆ, ಅಣ್ಣನೇ ಎರಡು ಥರ ಹೇಳಿದ್ರೆ ನಾನು ಯಾವ ಅಣ್ಣನ್ನ ನಂಬ್ಲಿ?" ಎಂದಳು.

ನನಗೆ ನಗು ಬಂತು. ಮರುಕ್ಷಣ, ಮಗುವಿನ ಬಾಯಿಯ ಹತ್ತಿರ ಹೋದ ಚಮಚ ನೋಡಿ ಜೀವ ಬಾಯಿಗೆ ಬಂತು. ಹಿಂದಿನ ಬೀದಿಯಲ್ಲಿ ಇದೇ ವಯಸ್ಸಿನ ಒಂದು ಮಗು ಬೆಳಿಗ್ಗೆಯಿಂದ ಕಣ್ಣು ಬಿಡದೆ ಮಲಗಿದೆ ಎಂದು ಕೇಳಿದ್ದೆ. ಮೆಷಿನ್ ಬಿಟ್ಟು ಎದ್ದು ಹೋಗಿ ಅತ್ತೆಯ ಕೈ ಹಿಡಿದೆ. ಮದುವೆಯಾದಂದಿನಿಂದ ನಾನು ಅತ್ತೆಯ ಕೈ ಹಿಡಿದದ್ದು ಅದೇ ಮೊದಲು. ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಪುಣ್ಯಕ್ಕೆ ಆಗಲೇ ನರ್ಸಮ್ಮ ಮನೆಮನೆ ಸುತ್ತುತ್ತ ನಮ್ಮ ಬಾಗಿಲಿಗೆ ಬಂದರು. ವಿಷಯ ತಿಳಿದು ಅವರು ಅತ್ತೆಯನ್ನು ಗದರಲಿಲ್ಲ. ಎದುರಿಗೆ ಮಣೆ ಎಳೆದುಕೊಂಡು ಕೂತರು.

"ಅಮ್ಮಾ, ಚಮಚ ಒಂದು ನಿಮಿಷ ಕೆಳಗಿಡಿ. ಈ ಸುದ್ದಿ ನಿಮಗೆ ಯಾರು ಕಳಿಸಿದ್ದು?"

"ಒಬ್ರಾ ಇಬ್ರಾ? ನನ್ನ ತಂಗಿ ಕಳಿಸಿದ್ಲು, ಬೀಗರು ಕಳಿಸಿದ್ರು, ಅವರ ಸೊಸೆ ಕಳಿಸಿದ್ಲು. ಅಷ್ಟು ಕಡೆಯಿಂದ ಬಂದಿದ್ದು ಸುಳ್ಳಾಗತ್ತಾ?"

"ಅವರಿಗೆ ಯಾರು ಕಳಿಸಿದ್ರು?"

ಅತ್ತೆ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದರು. "ಮೊಟ್ಟಮೊದಲು... ನಾನೇ ಕಳಿಸಿದ್ದೆ ಅನ್ನಿ. ಮಗನ ದನಿ ಚೆನ್ನಾಗಿದೆ, ಕೇಳ್ಲಿ ಅಂತ."

"ಅಂದ್ರೆ ನೀವು ಕಳಿಸಿದ್ದು ನಿಮಗೇ ವಾಪಸ್ ಬಂದಿದೆ. ಸರಿ, ಇದನ್ನ ಯಾವತ್ತು ಹೇಳಿದ್ದು?"

"ಇವತ್ತೇ ಅಂತ ಮೇಲೆ ಬರೆದಿದೆಯಲ್ಲ."

"ಕೊನೇವರೆಗೂ ಕೇಳಿದ್ದೀರಾ?"

ಇಲ್ಲ. ಯಾರೂ ಕೇಳಿರಲಿಲ್ಲ. ಮಕ್ಕಳಿಗೂ ಕುಡಿಸಿರಿ ಎನ್ನುವಲ್ಲಿಗೆ ಎಲ್ಲರೂ ನಿಲ್ಲಿಸಿ ಮುಂದಿನವರಿಗೆ ಕಳಿಸಿಬಿಡುತ್ತಿದ್ದರು. ನರ್ಸಮ್ಮ ಮತ್ತೆ ಒತ್ತಿದರು. ನಮ್ಮವರ ಮಾತು ಮುಗಿಯಿತು. ಹಿಂದೆ ನನ್ನ ಹೊಲಿಗೆ ಮೆಷಿನ್ನಿನ ಟರಟರ ಕೇಳಿಸಿತು. ಅದರ ಹಿಂದೆ ಅಡುಗೆಮನೆಯಿಂದ ಅತ್ತೆಯ ದನಿ ಬಂತು, ಸ್ಪಷ್ಟವಾಗಿ.

"ಮುಗೀತೇನೋ ನಿನ್ನ ಭಾಷಣ? ನಿನ್ನ ತಂಗಿಗೆ ಒಂದು ಫೋನು ಮಾಡೋ. ಮಗೂನ ಯಾವಾಗ ಕರ್ಕೊಂಡು ಬರ್ತಾಳೋ ಕೇಳು. ಅದರ ಮುಖ ನೋಡ್ದೆ ನಂಗೆ ಅನ್ನ ಸೇರ್ತಿಲ್ಲ."

ಆ ಮುಖ ಅತ್ತೆಯ ಸೊಂಟದ ಮೇಲೇ ಇತ್ತು, ಅವರ ಕಿವಿ ಹಿಡಿದು ಎಳೆಯುತ್ತಿತ್ತು.

"ಇದು ಮಗು ಬರೋಕೆ ಮುಂಚಿಂದು," ಎಂದರು ಅತ್ತೆ, ಮೆಲ್ಲಗೆ. ಬಟ್ಟಲನ್ನು ಎತ್ತಿ ಹಾಲನ್ನೆಲ್ಲ ಬಚ್ಚಲಿಗೆ ಸುರಿದರು. ಮಗುವನ್ನು ಎದೆಗೆ ಒತ್ತಿಕೊಂಡು, "ನಾನು ಕೈಯಾರೆ ಇದಕ್ಕೆ..." ಎಂದವರು ಮುಂದೆ ಹೇಳಲಾಗದೆ ಅತ್ತರು. ನನಗೂ ಅಳು ಬಂತು. ಆಮೇಲೆ ಇಬ್ಬರೂ ಸೇರಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟೆವು. ನೀರು ಕೊತಕೊತ ಕುದಿಯಬೇಕು, ಬರೀ ಬೆಚ್ಚಗಾದರೆ ಸಾಲದು, ಮುಚ್ಚಿಟ್ಟು ಆರಿಸಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ, ಮಗುವಿಗೆ ಭೇದಿ ಶುರುವಾದರೆ ಕಾಯದೆ ಕರೆದುಕೊಂಡು ಬನ್ನಿ ಎಂದು ನರ್ಸಮ್ಮ ಹೇಳಿದರು.

ಆ ಹೊತ್ತಿಗೆ ಅಧ್ಯಕ್ಷರ ಕಾರು ಬಾಗಿಲಿಗೆ ಬಂತು. ಕೂತಲ್ಲಿಂದಲೇ ಗಾಜು ಇಳಿಸಿ ಹೊಸ ಚೀಟಿ ಚಾಚಿದರು. "ಮೈಕಣ್ಣ, ಪರಿಸ್ಥಿತಿ ಹತೋಟಿಯಲ್ಲಿದೆ, ಗಾಳಿಸುದ್ದಿ ನಂಬಬೇಡಿ ಅಂತ ಒಂದು ಸುತ್ತು ಹಾಕಿಬಿಡಿ. ಜನ ಗಾಬರಿಯಾಗ್ತಾರೆ."

ನಮ್ಮವರ ಕೈ ಅಭ್ಯಾಸಬಲದಿಂದ ಚೀಟಿಯತ್ತ ಹೋಯಿತು. ಹೋಗದೆ ಏನು, ಮನೆ ನಡೆಯುವುದು ಅಂಥ ಚೀಟಿಗಳಿಂದಲೇ. ಆದರೆ ಅತ್ತೆ ಮಗುವಿನ ಸಮೇತ ಬಂದು ಕಾರಿನೊಳಗೆ ಇಣುಕಿದರು.

"ಹಿಂದಿನ ಸೀಟಲ್ಲಿ ಏನಪ್ಪಾ ಅದು?"

"ಅದು... ನೀರಿನ ಕ್ಯಾನು."

"ಯಾರಿಗೆ?"

"ಮನೆಗೆ," ಎಂದರು ಅಧ್ಯಕ್ಷರು.

"ನಿಮ್ಮ ಮನೇಲಿ ಹತೋಟಿ ಇಲ್ವಾ?" ಎಂದು ಅತ್ತೆ ಕೇಳಿದರು. ಅಧ್ಯಕ್ಷರಿಗೆ ಎಲ್ಲಿಲ್ಲದ ಕೆಮ್ಮು ಬಂತು.

ನರ್ಸಮ್ಮ ಮುಂದೆ ಬಂದರು. "ಸಾರ್, ನಿಜ ಹೇಳಿದ್ರೆ ಜನ ಗಾಬರಿಯಾಗಲ್ಲ. ಒಂದೇ ಬಾಯಲ್ಲಿ ಎರಡು ಮಾತು ಕೇಳಿದ್ರೆ ಆಗ್ತಾರೆ. ಗೊತ್ತಿರೋದನ್ನ ಗೊತ್ತು ಅನ್ನಿ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ. ಆಗ ನಿಮ್ಮ ಮಾತು ನಿಲ್ಲತ್ತೆ."

ನಮ್ಮವರು ಚೀಟಿಯನ್ನು ಮಡಚಿ ಅಧ್ಯಕ್ಷರ ಕೈಗೇ ವಾಪಸ್ಸು ಕೊಟ್ಟರು. ಹಾಗೆ ಕೊಟ್ಟದ್ದು ನಾನು ಕಂಡಿದ್ದು ಅದೊಂದೇ ಸಲ. ಆ ಮನುಷ್ಯನ ಮೇಲೆ ನನಗೆ ಆ ಕ್ಷಣ ಬಂದ ಪ್ರೀತಿ ತರಕಾರಿ ತರದ ಸಿಟ್ಟನ್ನೂ ಮರೆಸಿತು.

ಸಂಜೆ ಗಾಡಿ ಹೊರಟಿತು. ಅತ್ತೆ ಮಗುವನ್ನೆತ್ತಿಕೊಂಡು ಮುಂದೆ ಕೂತರು, ನಾನು ಹಿಂದೆ. ಈ ಸಲ ರಾಗವಿಲ್ಲ, ನಾಗರಿಕ ಬಂಧುಗಳಿಲ್ಲ. ಮನೆಯಲ್ಲಿ ಮಾತಾಡುವ ದನಿಯಲ್ಲೇ ನಮ್ಮವರು ಹೇಳಿದರು. "ನಾನು ಮೈಕಣ್ಣ. ಫೋನಲ್ಲಿ ಓಡಾಡ್ತಿರೋ ನನ್ನ ಮಾತು ಹೋದ ತಿಂಗಳಿನದು. ಅವತ್ತೂ ನಾನು ಯಾರನ್ನೂ ಕೇಳ್ದೆ ಓದಿದ್ದೆ, ಅದು ನನ್ನ ತಪ್ಪು. ಇವತ್ತು ಒಡೆದ ಪೈಪನ್ನ ಕಣ್ಣಾರೆ ನೋಡಿ ಬಂದಿದ್ದೀನಿ. ನೀರು ಕುದಿಸಿಯೇ ಕುಡೀರಿ. ಪೈಪು ಯಾವಾಗ ಸರಿಯಾಗತ್ತೋ ನನಗೆ ಗೊತ್ತಿಲ್ಲ. ಗೊತ್ತಾದ್ರೂ ಗೊತ್ತಾಗ್ದಿದ್ರೂ ದಿನಾ ಇದೇ ಹೊತ್ತಿಗೆ ಬಂದು ಹೇಳ್ತೀನಿ."

ಕ್ಷೌರದಂಗಡಿಯವನು ಮತ್ತೆ ಕತ್ತರಿ ಕೆಳಗಿಟ್ಟ. "ಯಾವ ಮೈಕಣ್ಣನನ್ನ ನಂಬೋದಪ್ಪಾ? ಫೋನಲ್ಲಿರೋನನ್ನೋ ಗಾಡೀಲಿರೋನನ್ನೋ?"

ಪಕ್ಕದ ಸೀಟಿನಿಂದ ಅತ್ತೆ ಮೈಕು ಕಿತ್ತುಕೊಂಡರು. "ಯಾರನ್ನೂ ಸುಮ್ಸುಮ್ನೆ ನಂಬಬೇಡಿ. ಇವನ ಹೆತ್ತ ತಾಯಿ ಹೇಳ್ತಿದ್ದೀನಿ. ಹಳೇ ಮಾತನ್ನ ಊರಿಗೆಲ್ಲ ಕಳಿಸಿದ್ದು ನಾನೇ. ಅದನ್ನ ಕೊನೇವರೆಗೂ ಕೇಳಿ, ನನ್ನ ದನಿ ಬರತ್ತೆ. ಮಗು ಯಾವಾಗ ಬರತ್ತೆ ಅಂತ ಕೇಳ್ತಿದ್ದೀನಿ. ಮಗು ಇಲ್ಲಿದೆ ನೋಡಿ." ಎಂದು ಗಾಡಿಯ ಕಿಟಕಿಯಿಂದ ಮೊಮ್ಮಗುವನ್ನು ಎತ್ತಿ ತೋರಿಸಿದರು. ಮಗು ಮೈಕನ್ನು ನೆಕ್ಕಿತು. ಊರಿಗೆಲ್ಲ ಕೇಳಿಸಿತು.

ಅಂಗಡಿಯವನು ಫೋನು ತೆಗೆದು ಕೊನೆಯವರೆಗೂ ಕೇಳಿದ. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದ. ಅವನ ನಂತರ ಪಕ್ಕದ ಮನೆ, ಅದರಾಚೆಯ ಮನೆ. ಹಿಂದಿನ ಬೀದಿಯ ಮಗುವೂ ಮಾರನೆಯ ದಿನ ಕಣ್ಣು ಬಿಟ್ಟಿತು.

ಪೈಪು ಸರಿಯಾಯಿತು ಎಂದು ತಿಳಿದಾಗ ಜನ ನಮ್ಮ ಬಾಗಿಲಿಗೇ ಬಂದು, "ಅಮ್ಮಾ, ಈಗ ಕುಡೀಬಹುದಾ?" ಎಂದರು. "ಪರೀಕ್ಷೆಗೆ ಕಳಿಸಿದ್ದಾರೆ, ಫಲಿತಾಂಶ ನಾನಿನ್ನೂ ನೋಡಿಲ್ಲ. ಅಲ್ಲೀವರೆಗೂ ಕುದಿಸಿ," ಎಂದರು ಅತ್ತೆ. ಈಗ ಅವರಿಗೆ ಯಾವ ಸುದ್ದಿ ಬಂದರೂ ಕಳಿಸಿದವರಿಗೆ ಮೊದಲು ಫೋನು ಮಾಡುತ್ತಾರೆ. ಇದನ್ನು ಯಾರು ಹೇಳಿದ್ದು, ಯಾವತ್ತು ಹೇಳಿದ್ದು, ಅವರಿಗೆ ಹೇಗೆ ಗೊತ್ತು? ಬೀಗರು ಅತ್ತೆಗೆ ಸುದ್ದಿ ಕಳಿಸುವುದನ್ನೇ ಬಿಟ್ಟಿದ್ದಾರೆ. ಮನೆಯಲ್ಲಿ ನೆಮ್ಮದಿಯಿದೆ.

ಅಕ್ಕಂದಿರೇ, ಅಣ್ಣಂದಿರೇ, ರೋಗವೋ ಪ್ರವಾಹವೋ ಗಲಭೆಯೋ ಬಂದ ದಿನ ನಿಮ್ಮ ಫೋನಿಗೂ ಒಂದು ದನಿ ಬರುತ್ತದೆ. ಅದು ನಿಮ್ಮವರದೇ ಇರಬಹುದು, ನಿಮ್ಮ ನಾಯಕರದೇ ಇರಬಹುದು, ಬಹಳ ಚೆನ್ನಾಗಿಯೂ ಇರಬಹುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡಿ. ಮುಂದಿನವರಿಗೆ ಕಳಿಸುವ ಮುಂಚೆ ನಿಲ್ಲಿ, ಕೇಳಿ, ತಿಳಿದವರ ಬಾಗಿಲು ತಟ್ಟಿ. ನಿಮ್ಮ ಹೆಬ್ಬೆರಳು ಫೋನಿನ ಮೇಲಿರುವಾಗ ನಿಮ್ಮ ಸೊಂಟದ ಮೇಲೊಂದು ಮಗು ಕೂತಿದೆ, ಬಾಯಿ ತೆರೆದು ಕಾಯುತ್ತಿದೆ ಎಂದುಕೊಳ್ಳಿ.