ಎರಕದ ಒಲೆಗೆ ಬಿದ್ದ ಹಾಲು

ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಆ ಜನವರಿಯ ಬೆಳಿಗ್ಗೆ ಮರಗಳಿಗೆಲ್ಲ ಗಾಜು ಹೊದಿಸಿದ ಹಾಗೆ ಮಂಜುಗಡ್ಡೆ ಕಟ್ಟಿತ್ತು. ಹಿಂದಿನ ದಿನವೇ ಕರೆಂಟು ಹೋಗಿ ಶ್ರೀಲತಾಳ ಮನೆಯ ಸ್ಟವ್ ಸತ್ತು ಮಲಗಿತ್ತು. ಪಕ್ಕದ ಹಳೇ ಮನೆಯ ಮಿಸ್ ಲೂಯೆಲ್ಲಾ ಬಾಗಿಲಲ್ಲಿ ನಿಂತು, ನಮ್ಮಲ್ಲಿ ಒಲೆ ಉರೀತಿದೆ ಬನ್ನಿ, ಅಂತ ಕೂಗಿದರು. ಶ್ರೀಲತಾ, ಅವಳ ಪುಟ್ಟ ಮಗಳು ಇಂದು, ಮೈಸೂರಿನಿಂದ ಬಂದಿದ್ದ ಅಮ್ಮ ವಸಂತಾ, ಮೂವರೂ ಹಾಲಿನ ಕ್ಯಾನು ಹಿಡಿದು, ಜಾರದ ಹಾಗೆ ಒಬ್ಬರನ್ನೊಬ್ಬರು ಹಿಡಿದು ಹೋದರು.

ಒಲೆ ಕಂಡದ್ದೇ ವಸಂತಾ ಕೈ ಮುಗಿದರು. ಗುಡಿಯ ಬಾಗಿಲ ಆನೆಯ ಹಾಗೆ ನಾಲ್ಕು ಕಾಲೂರಿ ನಿಂತಿದ್ದ ಕರೀ ಎರಕದ ಕಬ್ಬಿಣ.

"ಅಮ್ಮಾ, ಅದು ಸ್ಟವ್ ಕಣಮ್ಮ, ದೇವರಲ್ಲ."

"ಒಳಗೆ ಬೆಂಕಿ ಇದೆಯೋ ಇಲ್ವೋ? ಮತ್ತೆ?"

ಲೂಯೆಲ್ಲಾ ನಕ್ಕು ಒಲೆಯ ಕಥೆ ತೆಗೆದರು; ಶ್ರೀಲತಾ ತುಂಡುತುಂಡಾಗಿ ಕನ್ನಡ ಮಾಡಿದಳು. ಅವರ ಮುತ್ತಜ್ಜಿ ಯಾರದೋ ದೊಡ್ಡ ಮನೆಯಲ್ಲಿ ಗೋಡೆಯೊಳಗಿನ ಬೆಂಕಿಗೂಡಿನ ಮುಂದೆ ಬಗ್ಗಿ ಬಗ್ಗಿ ಬೇಯಿಸುತ್ತಿದ್ದವಳು. ಒಮ್ಮೆ ಕಿಡಿ ಹಾರಿ ಲಂಗ ಹತ್ತಿಕೊಂಡು ಕಾಲು ಸುಟ್ಟಿತ್ತು. ಆಮೇಲೆ ಎಷ್ಟೋ ವರ್ಷಕ್ಕೆ ಈ ಒಲೆ ರೈಲಿನಲ್ಲಿ ಬಂತು, ಸ್ಟೇಷನ್ನಿನಿಂದ ಹೇಸರಗತ್ತೆಯ ಗಾಡಿಯಲ್ಲಿ. ಅವತ್ತು ಮುತ್ತಜ್ಜಿ ಮೊದಲ ಸಲ ನೆಟ್ಟಗೆ ನಿಂತು ಅಡುಗೆ ಮಾಡಿದಳಂತೆ.

ಸೌದೆ ಹಾಕುವುದು ಎಡಗಡೆಯ ಚಿಕ್ಕ ಬಾಗಿಲಿಗೆ. ನಡುವಿನ ದೊಡ್ಡ ಗೂಡಿನಲ್ಲಿ ಬೆಂಕಿಯೇ ಇಲ್ಲ. ಉರಿ ಅದರ ನೆತ್ತಿ ಹತ್ತಿ, ಪಕ್ಕದಲ್ಲಿಳಿದು, ಅಡಿಯಲ್ಲಿ ಹಾದು ಹೊಗೆಕೊಳವೆಗೆ ಹೋಗುತ್ತದೆ. ಒಳಗಿಟ್ಟ ರೊಟ್ಟಿ ಸುತ್ತಲ ಕಾವಿಗೇ ಬೇಯುತ್ತದೆ.

"ಬೆಂಕೀನೇ ಪ್ರದಕ್ಷಿಣೆ ಹಾಕುತ್ತೆ ಅನ್ನು," ಎಂದರು ವಸಂತಾ. "ಹೇಳೇ ಅವರಿಗೆ."

"ಆಮೇಲೆ ಹೇಳ್ತೀನಿ."

ಹೇಳಲಿಲ್ಲ. ಕಾವು ತೋರಿಸುವ ಮುಳ್ಳೂ ಇಲ್ಲದ ಒಲೆ. ಲೂಯೆಲ್ಲಾ ಗೂಡಿನೊಳಗೆ ಕೈಯಿಟ್ಟು, ಎಷ್ಟು ಹೊತ್ತು ತಡೆದೀತು ಅಂತ ನೋಡಿ ಹದ ತಿಳಿಯುತ್ತಿದ್ದರು. ವಸಂತಾ ಕೂಡ ಕೈಯಿಟ್ಟು "ಹಾ!" ಅಂತ ಹಿಂದೆಳೆದುಕೊಂಡರು. ಇಬ್ಬರೂ ಮುದುಕಿಯರು ಹುಡುಗಿಯರ ಹಾಗೆ ನಕ್ಕರು.

ಆ ನಗುವಿನ ಮಧ್ಯೆ, ಒಲೆಯ ಮೇಲೆ ಪಾತ್ರೆಯಲ್ಲಿ ಕಾಯಲಿಟ್ಟಿದ್ದ ಹಾಲು ಉಕ್ಕಿತು.

ಕಾದ ಕಬ್ಬಿಣದ ಮೇಲೆ ಚುರ್ರೆಂದು ಹರಿಯಿತು. ವಸಂತಾಗೆ ಯೋಚನೆ ಬರುವ ಮೊದಲೇ ಕೈ ಹೋಗಿತ್ತು. ಹಾಲು ಬೆಂಕಿಗೆ ಬಿದ್ದರೆ ಕರೆದ ಹಸುವಿನ ಕೆಚ್ಚಲು ಉರಿಯುತ್ತದೆ, ತಕ್ಷಣ ನೀರು ಬಿಡಬೇಕು ಎಂಬುದು ಅವರ ಅಜ್ಜಿ ಕಲಿಸಿದ್ದು. ಮಣ್ಣಿನೊಲೆಗೆ ಒಂದು ಬೊಗಸೆ ಸಾಕಾಗುತ್ತಿತ್ತು. ಇಲ್ಲಿ ಕೈಗೆ ಸಿಕ್ಕಿದ್ದು ತಣ್ಣೀರು ತುಂಬಿದ ಜಗ್ಗು. ಅಷ್ಟನ್ನೂ ಸುರಿದರು.

ಠಣ್ ಎಂದಿತು. ಪಾತ್ರೆಯ ಬುಡದಿಂದ ಒಲೆಯ ಅಂಚಿನವರೆಗೆ ಸೀಳು ಓಡಿತು. ಸೀಳಿನಿಂದ ಹೊಗೆ ಏಳತೊಡಗಿತು.

ಲೂಯೆಲ್ಲಾ ಬೈಯಲಿಲ್ಲ. ಇಕ್ಕಳದಿಂದ ಉರಿಯುವ ಸೌದೆಯನ್ನು ಒಂದೊಂದಾಗಿ ಬಕೆಟ್ಟಿಗೆ ತೆಗೆದು ಹೊರಗಿಟ್ಟು ಬಂದರು. ಆ ಮನೆಗಿದ್ದ ಕಾವೂ ಅದೊಂದೇ. ಆಮೇಲೆ ವಸಂತಾರ ಮುಖ ನೋಡಿ ಕೇಳಿದರು: "ವೈ?"

"ಆಕ್ಸಿಡೆಂಟ್," ಎಂದಳು ಶ್ರೀಲತಾ, ಇಂಗ್ಲಿಷಿನಲ್ಲಿ ಸಾರಿ, ಸಾರಿ ಎಂದು ಕ್ಷಮೆಯ ಮಳೆ ಸುರಿಸುತ್ತ.

ಆ ಪದ ವಸಂತಾಗೆ ಗೊತ್ತಿತ್ತು. "ಆಕ್ಸಿಡೆಂಟ್ ಅಲ್ಲ ಕಣೇ! ಬೇಕು ಅಂತಲೇ ಹಾಕಿದೆ. ಯಾಕೆ ಹಾಕಿದೆ ಅಂತ ಹೇಳು. ಬೇಜವಾಬ್ದಾರಿ ಮುದುಕಿ ಅಂದ್ಕೊಳ್ಳಲ್ವೇನೇ?"

"ಏನಂತ ಹೇಳ್ಲಮ್ಮ? ಹಸು ಉರಿಯುತ್ತೆ ಅಂತ ಹೇಳ್ಲಾ? ಸುಮ್ನಿರು, ದಮ್ಮಯ್ಯ." ಮತ್ತೆ ಲೂಯೆಲ್ಲಾ ಕಡೆ ತಿರುಗಿ, ವೆಲ್ಡಿಂಗ್ ಮಾಡಿಸಬಹುದಾ ಎಂದು ಕೇಳಿದಳು. ಅವರು ಆಗದೆಂದು ತಲೆಯಾಡಿಸಿದರು. ಹಿಂದೆ ಒಲೆಯ ಒಂದು ಕಾಲು ಬಿರುಕು ಬಿಟ್ಟಾಗಲೇ, ಇಷ್ಟು ಹಳೇ ಎರಕ ಮುಟ್ಟಲ್ಲ ಅಂತ ವೆಲ್ಡಿಂಗಿಗೆ ಬಂದವರೆಲ್ಲ ವಾಪಸ್ಸು ಹೋಗಿದ್ದರಂತೆ.

ವಸಂತಾ ಮೊಮ್ಮಗಳ ಭುಜ ಹಿಡಿದರು. "ಪುಟ್ಟಿ, ನೀನಾದ್ರೂ ಹೇಳು. ಹಸುವಿನ ಕೆಚ್ಚಲು ಉರಿಯುತ್ತೆ, ಅದಕ್ಕೇ ಅಜ್ಜಿ ನೀರು ಹಾಕಿದ್ರು ಅಂತ."

"ಕೆಚ್ಚಲು ಅಂದ್ರೆ ವಾಟ್, ಅಜ್ಜಿ?"

"ಇಂದು, ಡೋಂಟ್," ಎಂದಳು ಶ್ರೀಲತಾ.

ಇಂದು ಅಮ್ಮನನ್ನೂ ಅಜ್ಜಿಯನ್ನೂ ನೋಡಿ, ಚಿಕ್ಕದೊಂದು ವಾಕ್ಯ ಹೇಳಿಯೇಬಿಟ್ಟಳು. ಅದರಲ್ಲಿ ಕೌ ಇತ್ತು, ಬರ್ನ್ ಇತ್ತು. ವಸಂತಾ ಆಸೆಯಿಂದ ಲೂಯೆಲ್ಲಾರ ಮುಖ ನೋಡಿದರು.

ಲೂಯೆಲ್ಲಾ ಕಿಟಕಿಯಾಚೆ ಗಡ್ಡೆಗಟ್ಟಿದ ಹಿತ್ತಿಲನ್ನು ನೋಡಿದರು. ತಿರುಗಿ, ಮೆಲ್ಲಗೆ, ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದರು:

"ವಾಟ್ ಕೌ?"

ವಸಂತಾ ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಎತ್ತಿ ತಿರುಗಿಸಿ ನೋಡಿದರು. ಅದರ ಮೇಲೆ ಹಸುವಿನ ಚಿತ್ರವೂ ಇರಲಿಲ್ಲ. ಒಲೆ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಲೂಯೆಲ್ಲಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.